1898ರ ಪ್ಲೇಗು: ಹುಬ್ಬಳ್ಳಿಯ ಲಸಿಕೆಯೂ ಅಂಕಿಗಳ ಸಾಕ್ಷ್ಯವೂ

ಹರಪನಹಳ್ಳಿ ತಾಲೂಕಿನ ಹಲವಾಗಲು ತುಂಗಭದ್ರೆಯ ಬಲದಂಡೆಯ ಸೀಮೆಗೆ ಸೇರಿದ ಗ್ರಾಮ. ಇಂದು ಅದು ವಿಜಯನಗರ ಜಿಲ್ಲೆಯಲ್ಲಿರುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಾದರೋ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲೂಕುಗಳೆಲ್ಲ ಮದ್ರಾಸು ಇಲಾಖೆಯ ಬಳ್ಳಾರಿ ಜಿಲ್ಲೆಗೆ ಒಳಪಟ್ಟಿದ್ದುವು. ಹೊಳೆಯ ಆಚೆಯ ರಾಣೆಬೆನ್ನೂರು ಸೀಮೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಾಗಿದ್ದಿತು; ದಕ್ಷಿಣಕ್ಕೆ ದಾವಣಗೆರೆಯ ಕಡೆ ಮೈಸೂರು ಸಂಸ್ಥಾನವಿದ್ದಿತು. ಒಂದೇ ನುಡಿಯನ್ನಾಡುವ ಜನರು ಹೀಗೆ ಮೂರು ಆಡಳಿತಗಳ ಕೆಳಗೆ ಹಂಚಿಹೋಗಿದ್ದರೂ ಸಂತೆ, ಜಾತ್ರೆ, ಕೊಟ್ಟು ತರುವ ನಂಟಸ್ತಿಕೆಗಳಿಗೆ ಹೊಳೆಯು ಅಡ್ಡಿಯಾಗಿರಲಿಲ್ಲ. ರೋಗಕ್ಕೂ ಅದು ಅಡ್ಡಿಯಾಗಲಿಲ್ಲವೆಂಬುದನ್ನು 1898ನೆಯ ಇಸವಿಯು ತೋರಿಸಿಕೊಟ್ಟಿತು.

ಆ ಶತಮಾನದ ಕೊನೆಯಲ್ಲಿ ಲೋಕವನ್ನು ಸುತ್ತಿದ ಪ್ಲೇಗಿನ ಮಹಾಮಾರಿಯು ಚೀನಾದೇಶದಿಂದ ಹೊರಟು 1894ರಲ್ಲಿ ಹಾಂಗ್‌ಕಾಂಗನ್ನು ಹೊಕ್ಕಿತು. ಅಲ್ಲಿಯೇ ಆ ವರ್ಷ ಅಲೆಗ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿಯು ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಸ್ ಎಂಬವರು ಈ ರೋಗವನ್ನು ಗುರುತಿಸಿದರು. ಅಲ್ಲಿಂದ ರೈಲುಮಾರ್ಗಗಳನ್ನು ಹಿಡಿದು ಅದು ಒಳನಾಡಿಗೆ ಇಳಿಯಿತು. ದಕ್ಷಿಣ ಮರಾಠಾ ರೈಲ್ವೆಯ ದೊಡ್ಡ ಕಾರಖಾನೆಯನ್ನೂ ಹತ್ತಿಯ ಪೇಟೆಯನ್ನೂ ಹೊಂದಿದ್ದ ಹುಬ್ಬಳ್ಳಿಯು ಅದರ ದಾರಿಯಲ್ಲಿಯೇ ಇದ್ದಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೂ ಅದೇ ವರ್ಷ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ಲೇಗು ತಲೆಯೆತ್ತಿತು. ಮುಂದಿನ ದಶಕಗಳಲ್ಲಿ ಭರತಖಂಡದೊಳಗೆ ಒಂದು ಕೋಟಿಗೂ ಮಿಕ್ಕ ಜನರು ಇದರಿಂದ ಸತ್ತರು.

ರೋಗವು ಹೇಗೆ ಹಬ್ಬುವುದೆಂಬುದು ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಇಲಿಯ ಮೈಯಲ್ಲಿರುವ ಚಿಗಟವೇ ಅದನ್ನು ಮನುಷ್ಯನಿಗೆ ಮುಟ್ಟಿಸುವುದೆಂದು ಪಾಲ್ ಲೂಯಿ ಸಿಮೋ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗಮಾಡಿ ಹೇಳಿದುದು 1898ರಲ್ಲಿಯೇ. ಅದು ಪಂಡಿತರ ಒಪ್ಪಿಗೆಯನ್ನು ಪಡೆದುದು ಮುಂಬಯಿಯಲ್ಲಿ 1905ರಿಂದ ನಡೆದ ಸಂಶೋಧನೆಗಳ ತರುವಾಯ. ಅಲ್ಲಿಯವರೆಗೆ ಸರಕಾರದವರು ಗಾಳಿ, ನೆಲ, ಬಟ್ಟೆಬರೆಗಳನ್ನು ಶಂಕಿಸಿ ಮನೆಗಳನ್ನು ತೊಳೆಯಿಸಿದರು, ರೋಗಿಗಳನ್ನು ಬೇರ್ಪಡಿಸಿದರು, ಅವರ ಮನೆಯವರನ್ನು ಶಿಬಿರಗಳಲ್ಲಿಟ್ಟರು. 1897ರ ಸಾಂಕ್ರಾಮಿಕ ರೋಗಗಳ ಕಾನೂನು ಇದಕ್ಕೆಲ್ಲ ಅಧಿಕಾರವನ್ನು ಕೊಟ್ಟಿತು. ಮದ್ರಾಸು ಇಲಾಖೆಯಲ್ಲಿ ರೋಗವಿದ್ದ ಊರುಗಳಿಂದ ಬಂದ ಪ್ರಯಾಣಿಕರಿಗೆ ರಹದಾರಿ ಚೀಟಿಯನ್ನು ಕೊಟ್ಟು, ಹತ್ತು ದಿನಗಳ ಕಾಲ ಅವರ ಮೈಸ್ಥಿತಿಯನ್ನು ಪರೀಕ್ಷಿಸುವ ಏರ್ಪಾಡಿದ್ದಿತು. ಪುಣೆಯಲ್ಲಿ ಸೋಲ್ಜರರು ಮನೆಗಳನ್ನು ಹೊಕ್ಕು ಶೋಧಿಸಿದುದರಿಂದ ಜನರ ಸಿಟ್ಟು ಕೆರಳಿ, 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿಯಾದ ರ್‍ಯಾಂಡನ ಮೇಲೆ ಗುಂಡು ಹಾರಿತು. ಬಲಾತ್ಕಾರದಿಂದ ಆರೋಗ್ಯವನ್ನು ಹೇರಲಾಗದೆಂಬ ಪಾಠವನ್ನು ಸರಕಾರವು ಹೀಗೆ ಬಹಳ ಬೆಲೆಕೊಟ್ಟು ಕಲಿಯಿತು.

ಹಳ್ಳಿಗರಿಗಾದರೋ ತಮ್ಮದೇ ಆದ ಒಂದು ತಿಳಿವಳಿಕೆ ಇದ್ದಿತು. ಮನೆಯಲ್ಲಿ ಇಲಿ ಬಿದ್ದರೆ ಮನೆಯನ್ನು ಬಿಡಬೇಕು. ಊರಲ್ಲಿ ಬಿದ್ದರೆ ಊರನ್ನೇ ಬಿಡಬೇಕು. ಕನ್ನಡನಾಡಿನ ಎಷ್ಟೋ ಊರುಗಳ ಜನರು ಹೊಲಗಳಲ್ಲಿ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಬಾಳಿದರು. ಚಿಗಟದ ವಿಷಯವೇನೂ ತಿಳಿಯದೆ ಅವರು ಅನುಸರಿಸಿದ ಈ ಕ್ರಮವು ಶಾಸ್ತ್ರಕ್ಕೆ ಸಮ್ಮತವೇ ಆಗಿದ್ದಿತೆಂಬುದು ಮುಂದೆ ತಿಳಿದುಬಂದಿತು. ಆದರೆ ಹೊಲವಿಲ್ಲದವನು ಎಲ್ಲಿಗೆ ಹೋಗಬೇಕು? ಗಿರಣಿಯ ಕೂಲಿ, ರೈಲ್ವೆಯ ಕೆಲಸಗಾರ, ಪೇಟೆಯ ಹಮಾಲ, ಇವರಿಗೆ ಪಟ್ಟಣವನ್ನು ಬಿಟ್ಟರೆ ಅನ್ನವಿಲ್ಲ. ಹುಬ್ಬಳ್ಳಿಯಂಥ ಊರಿನಲ್ಲಿ ಲಸಿಕೆಯ ಮಾತು ಅಷ್ಟು ಬೇಗ ಕಿವಿಗೆ ಬಿದ್ದುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಆ ಲಸಿಕೆಯನ್ನು ಸಿದ್ಧಪಡಿಸಿದವನು ವಾಲ್ಡೆಮಾರ್ ಹಾಫ್‌ಕಿನ್. ಇವನು 1860ರಲ್ಲಿ ಒಡೆಸ್ಸಾ ಪಟ್ಟಣದ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ಕೆಲಸಮಾಡಿ, 1893ರಲ್ಲಿ ಕಾಲರಾ ರೋಗದ ಲಸಿಕೆಯೊಡನೆ ಹಿಂದೂಸ್ಥಾನಕ್ಕೆ ಬಂದವನು. ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡೊಡನೆ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಚಿಕ್ಕದೊಂದು ಜಾಗದಲ್ಲಿ ಪ್ರಯೋಗಗಳನ್ನು ಆರಂಭಿಸಿದನು. ಮಾಂಸದ ತಿಳಿಸಾರಿನಲ್ಲಿ ಪ್ಲೇಗಿನ ಸೂಕ್ಷ್ಮಾಣುಗಳನ್ನು ಬೆಳೆಯಿಸುವಾಗ ಅದರ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ಅವುಗಳ ಕೆಳಗೆ ಸೂಕ್ಷ್ಮಾಣುಗಳು ಜಡೆಜಡೆಯಾಗಿ ಇಳಿಬಿದ್ದು ಸಮೃದ್ಧವಾಗಿ ಬೆಳೆಯುವುದನ್ನು ಕಂಡುಕೊಂಡನು. ಹಾಗೆ ಬೆಳೆದುದನ್ನು ಕಾಯಿಸಿ ಜೀವಕಳೆಯುವಂತೆ ಮಾಡಿ, ಕೆಡದಂತೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸಿದುದೇ ಲಸಿಕೆಯಾಯಿತು. 1897ರ ಜನವರಿ 10ರಂದು ಅವನು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು.

ಅದೇ ತಿಂಗಳ ಕೊನೆಗೆ ಬೈಕಲಾದ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಇಷ್ಟಪಟ್ಟು ಮುಂದೆ ಬಂದ ಕೈದಿಗಳಿಗೆ ಲಸಿಕೆಯನ್ನು ಚುಚ್ಚಲಾಯಿತು. ಚುಚ್ಚಿಸಿಕೊಳ್ಳದ 172 ಜನರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಚುಚ್ಚಿಸಿಕೊಂಡ 147 ಜನರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದು ಇಬ್ಬರೂ ಉಳಿದರು. ಸಂಖ್ಯೆಗಳು ಚಿಕ್ಕವಾದರೂ ಆಸೆ ಹುಟ್ಟಿಸುವಂಥವು. ಅಲ್ಲದೆ ಸೆರೆಮನೆಯಲ್ಲಿ ಒಳಗೆ ಎಷ್ಟು ಜನರಿರುವರೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಹುಬ್ಬಳ್ಳಿಯಲ್ಲಿ ಈ ಕಾರ್ಯವನ್ನು ಕೈಗೊಂಡವನು ಇಂಡಿಯನ್ ಮೆಡಿಕಲ್ ಸರ್ವಿಸಿನ ಲ್ಯೂಮನ್ ಎಂಬ ವೈದ್ಯಾಧಿಕಾರಿ. 1898ರ ಮೇ ತಿಂಗಳಲ್ಲಿ ತೊಡಗಿ ಸೆಪ್ಟೆಂಬರ್ ಕಳೆಯುವುದರೊಳಗಾಗಿ, ಸುಮಾರು 50,000 ಜನಸಂಖ್ಯೆಯ ಆ ಊರಿನ ಬಹುಪಾಲು ಜನರು ಲಸಿಕೆಯನ್ನು ಹಾಕಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಎರಡಾವರ್ತಿ ಹಾಕಿಸಿಕೊಂಡರು. ಇದೇ ಕಾಲದಲ್ಲಿ ಧಾರವಾಡ ಪ್ರಾಂತದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯೂ ಈ ಕೆಲಸದಲ್ಲಿ ದುಡಿದಳು. ಅಷ್ಟು ದೊಡ್ಡ ಊರೊಂದು ಹೆಚ್ಚುಕಡಿಮೆ ಪೂರ್ತಿಯಾಗಿ ಪ್ಲೇಗಿನ ಲಸಿಕೆಗೆ ತೋಳೊಡ್ಡಿದುದು ಆಗಿನ ಲೋಕಕ್ಕೆ ಹೊಸತಾಗಿದ್ದಿತು.

ಜನರ ಒಪ್ಪಿಗೆಯು ಎಷ್ಟರಮಟ್ಟಿಗೆ ಸ್ವತಂತ್ರವಾದುದೆಂಬುದನ್ನೂ ವಿಚಾರಿಸಬೇಕು. ಲಸಿಕೆಯು ಕಡ್ಡಾಯವಾಗಿರಲಿಲ್ಲ, ನಿಜ. ಆದರೆ ಅದನ್ನು ಹಾಕಿಸಿಕೊಂಡವರಿಗೆ ಪ್ರಮಾಣಪತ್ರವನ್ನು ಕೊಟ್ಟು, ಅದುಳ್ಳವರನ್ನು ಶಿಬಿರವಾಸ ಮೊದಲಾದ ನಿರ್ಬಂಧಗಳಿಂದ ಬಿಡಲಾಗುತ್ತಿದ್ದಿತು. ಒಂದು ಕಡೆಯಲ್ಲಿ ಮಾರಿಯ ಭಯ, ಇನ್ನೊಂದು ಕಡೆಯಲ್ಲಿ ಶಿಬಿರದ ಭಯ, ನಡುವೆ ಎರಡು ದಿನದ ಜ್ವರ ಮತ್ತು ತೋಳುನೋವು. ಇವುಗಳಲ್ಲಿ ಕೊನೆಯದನ್ನು ಆರಿಸಿಕೊಂಡ ಕೂಲಿಗಾರನನ್ನು ಮೂಢನೆನ್ನಲಾಗದು. ವಿಜ್ಞಾನಕ್ಕೆ ಮನಸ್ಸಾರೆ ಒಲಿದವನೆಂದು ಹೊಗಳುವುದೂ ಸರಿಯಾಗಲಾರದು. ಅವನು ತನ್ನ ಮನೆಯ ಅನ್ನವನ್ನೂ ಮಕ್ಕಳ ಪ್ರಾಣವನ್ನೂ ತೂಗಿ ನೋಡಿ ನಿರ್ಧರಿಸಿದನು.

ಇನ್ನು ಫಲದ ವಿಷಯ. ಮಳೆಗಾಲದ ಕೊನೆಗೆ ಹುಬ್ಬಳ್ಳಿಯಲ್ಲಿ ಪ್ಲೇಗು ಉಲ್ಬಣಿಸಿದಾಗ ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಗಿಯೂ, ಉಳಿದ ಕೆಲವರಲ್ಲಿ ಭಯಂಕರವಾಗಿಯೂ ಇದ್ದಿತೆಂದು ಲೆಕ್ಕಗಳು ತೋರಿಸಿದುವು. ಈ ಅಂಕಿಗಳನ್ನು ಕಂಡವರಿಗೆ ಲಸಿಕೆಯು ವಜ್ರಕವಚದಂತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಲ್ಲಿಯೇ ಒಂದು ತೊಡಕಿದ್ದಿತು. ಲಸಿಕೆ ಹಾಕಿಸಿಕೊಂಡವರ ಸಂಖ್ಯೆಯು ಪುಸ್ತಕದಲ್ಲಿ ದಾಖಲಾಗಿದ್ದಿತು. ಹಾಕಿಸಿಕೊಳ್ಳದವರ ಸಂಖ್ಯೆಯನ್ನಾದರೋ ಊರಿನ ಒಟ್ಟು ಜನಸಂಖ್ಯೆಯಿಂದ ಕಳೆದು ತಿಳಿಯಬೇಕಾಗಿದ್ದಿತು. ಮಾರಿ ಬಂದ ಊರಿನ ಜನಸಂಖ್ಯೆಯು ಸ್ಥಿರವಾಗಿರುವುದುಂಟೆ? ಒಂದು ವಾರ ಸಾವಿರ ಜನರು ಹೊರಟುಹೋಗುವರು. ಇನ್ನೊಂದು ವಾರ ಹೊಟ್ಟೆಪಾಡಿಗಾಗಿ ಹಿಂದಿರುಗುವರು.

ಇದರ ಪರಿಣಾಮವನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯಬಹುದು. ಒಂದು ಊರಿನಲ್ಲಿ ಚುಚ್ಚಿಸಿಕೊಳ್ಳದವರು 2,000 ಎಂದೆಣಿಸಿದಾಗ ಅವರಲ್ಲಿ 200 ಜನರು ಸತ್ತರೆ ನೂರಕ್ಕೆ 10ರಂತಾಯಿತು. ನಿಜವಾಗಿ ಅವರು 4,000 ಇದ್ದರೆ ಅದೇ ಸಾವು ನೂರಕ್ಕೆ 5ಕ್ಕೆ ಇಳಿಯುವುದು. ಸತ್ತವರ ಎಣಿಕೆಯಲ್ಲಿ ತಪ್ಪಿಲ್ಲ; ಬದುಕಿದವರ ಎಣಿಕೆಯಲ್ಲಿ ತಪ್ಪಿದರೆ ಸಾಕು, ಲಸಿಕೆಯ ಗುಣವು ಇಮ್ಮಡಿಯಾಗಿ ಕಾಣುವುದು. ಇದಲ್ಲದೆ ಇನ್ನೊಂದು ಸೂಕ್ಷ್ಮವೂ ಉಂಟು. ತನ್ನ ಸರದಿ ಬರುವುದರೊಳಗೆ ರೋಗಕ್ಕೆ ಬಿದ್ದವನು ಚುಚ್ಚಿಸಿಕೊಳ್ಳದವರ ಲೆಕ್ಕಕ್ಕೆ ಸೇರುವನು. ಊರಿಗೆ ಊರೇ ಲಸಿಕೆಯನ್ನು ಪಡೆದಮೇಲೆ ಉಳಿಯುವ ಕೆಲವರು ಬಹುಮಟ್ಟಿಗೆ ಮುಪ್ಪಿನವರು, ಮೊದಲೇ ಬೇನೆಯಿಂದ ಮಲಗಿದವರು, ಎಲ್ಲಿಂದಲೋ ಬಂದ ನಿರ್ಗತಿಕರು. ಅಂಥವರನ್ನು ಗಟ್ಟಿಮುಟ್ಟಾದ ಗಿರಣಿಯಾಳಿನೊಡನೆ ಹೋಲಿಸಿದರೆ ಹೋಲಿಕೆಯು ನ್ಯಾಯವಾಗದು.

ಈ ತೊಡಕನ್ನು ತಪ್ಪಿಸಿಕೊಂಡ ಪ್ರಯೋಗವೊಂದು ಅದೇ ವರ್ಷದ ಫೆಬ್ರುವರಿಯಲ್ಲಿ ಬಡೋದೆ ಸಂಸ್ಥಾನದ ಉಂಡೇರಾ ಎಂಬ ಹಳ್ಳಿಯಲ್ಲಿ ನಡೆದಿದ್ದಿತು. ಹಾಫ್‌ಕಿನ್ನನು ಅಲ್ಲಿ ಮನೆಮನೆಯ ಜನರನ್ನು ಕರೆಯಿಸಿ, ಪ್ರತಿಯೊಂದು ಮನೆಯಲ್ಲಿ ಸುಮಾರು ಅರ್ಧ ಜನರಿಗೆ ಲಸಿಕೆಯನ್ನು ಹಾಕಿ ಉಳಿದವರನ್ನು ಹಾಗೆಯೇ ಬಿಟ್ಟನು. ಒಂದೇ ಸೂರು, ಒಂದೇ ಒಲೆ, ಒಂದೇ ಊಟ, ಭೇದವೆಂದರೆ ಲಸಿಕೆಯೊಂದೇ. ಕೆಲವು ವಾರಗಳ ತರುವಾಯ ನೋಡಲಾಗಿ 28 ಮನೆಗಳಲ್ಲಿ ಪ್ಲೇಗು ತಗಲಿದ್ದಿತು. ಆ ಮನೆಗಳಲ್ಲಿ ಲಸಿಕೆಯಿಲ್ಲದವರು 64. ಅವರಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತಿದ್ದರು. ಲಸಿಕೆಯುಳ್ಳವರು 71, ಅವರಲ್ಲಿ 8 ಮಂದಿಗೆ ರೋಗ ಬಂದು ಮೂವರು ಸತ್ತಿದ್ದರು. ಹುಬ್ಬಳ್ಳಿಯ ಹತ್ತಾರು ಸಾವಿರ ಜನರ ಲೆಕ್ಕಕ್ಕಿಂತ ಈ 135 ಜನರ ಲೆಕ್ಕವು ಹೆಚ್ಚು ಸ್ಪಷ್ಟವಾಗಿ ಮಾತಾಡುವುದು.

ಹೀಗೆಂದಮಾತ್ರಕ್ಕೆ ಹುಬ್ಬಳ್ಳಿಯ ಕೆಲಸವು ಕೀಳೆನ್ನುವಂತಿಲ್ಲ. ಉಂಡೇರೆಯ ಜ್ಞಾನಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ಯೋಚಿಸಿ ನೋಡಬೇಕು. ಒಂದೇ ಅಂಗಳದಲ್ಲಿ ನಿಂತಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಲಸಿಕೆ ಸಿಕ್ಕಿತು, ಒಬ್ಬನಿಗೆ ಸಿಕ್ಕಲಿಲ್ಲ. ಸತ್ತ ಆ 26 ಜನರೇ ಲಸಿಕೆಯ ಗುಣಕ್ಕೆ ಸಾಕ್ಷಿಗಳಾದರು. ಹುಬ್ಬಳ್ಳಿಯಲ್ಲಿ ಯಾರನ್ನೂ ಹಾಗೆ ಬಿಡಲಿಲ್ಲ. ಬಂದವರಿಗೆಲ್ಲ ಲಸಿಕೆಯನ್ನು ಕೊಟ್ಟರು. ಎಲ್ಲರನ್ನೂ ಕಾಪಾಡಹೊರಟಲ್ಲಿ ಸತ್ಯವು ಮಸಕಾಯಿತು. ಸತ್ಯವನ್ನು ನಿಚ್ಚಳವಾಗಿ ಕಾಣಹೊರಟಲ್ಲಿ ಕೆಲವರು ಕಾಪಿಲ್ಲದವರಾದರು. ಲಸಿಕೆಯ ಗುಣವು ಇನ್ನೂ ಸಂದೇಹದಲ್ಲಿರುವಾಗ ಅರ್ಧ ಜನರನ್ನು ಬಿಡುವುದು ಅನ್ಯಾಯವೆನ್ನಲಾಗದು. ಗುಣವು ಸಿದ್ಧವಾದಮೇಲೆ ಬಿಟ್ಟರೆ ಅದು ಪಾಪವೇ ಸರಿ. ಈ ಎರಡರ ನಡುವಣ ಗೆರೆಯನ್ನು ಗುರುತಿಸುವುದೇ ಜನಾರೋಗ್ಯದ ಸಂಶೋಧಕನ ಧರ್ಮಸಂಕಟ.

ಪ್ಲೇಗಿನ ವಿಚಾರಣೆಗಾಗಿ 1898ರಲ್ಲಿ ಪ್ರೊಫೆಸರ್ ಫ್ರೇಸರನ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು ಹುಬ್ಬಳ್ಳಿಯ ಅಂಕಿಗಳನ್ನೂ ಒರೆಗೆ ಹಚ್ಚಿತು. ಜನಸಂಖ್ಯೆಯ ಅನಿಶ್ಚಯವನ್ನು ಅದು ಎತ್ತಿ ತೋರಿಸಿತು. ಆದರೂ ಲಸಿಕೆಯಿಂದ ರೋಗವೂ ಸಾವೂ ಗಮನಾರ್ಹವಾಗಿ ಕುಗ್ಗುವುವೆಂದೂ, ರಕ್ಷಣೆಯು ಪೂರ್ಣವಾದುದಲ್ಲವೆಂದೂ, ಚುಚ್ಚಿದ ಮೊದಲ ಕೆಲವು ದಿನಗಳಲ್ಲಿ ಅದು ದೊರೆಯದೆಂದೂ ತೀರ್ಮಾನಿಸಿತು. ಹೊಗಳುವವರ ಉತ್ಸಾಹಕ್ಕಿಂತ ಈ ಅಳೆದ ಮಾತು ಲಸಿಕೆಗೆ ಹೆಚ್ಚಿನ ಉಪಕಾರವನ್ನು ಮಾಡಿತೆನ್ನಬೇಕು.

ಅತಿಯಾದ ಆಸೆಯು ಎಷ್ಟು ಬೇಗ ಮುರಿಯುವುದೆಂಬುದಕ್ಕೆ ನಿದರ್ಶನವು ಬಹಳ ದಿನ ಕಾಯಿಸಲಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ 19 ಜನರು ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಒಂದೇ ಸೀಸೆಯ ಲಸಿಕೆಯನ್ನು ಚುಚ್ಚಲಾಗಿದ್ದಿತು. ದೋಷವನ್ನು ಹಾಫ್‌ಕಿನ್ನನ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವನನ್ನು ಅಧಿಕಾರದಿಂದ ದೂರಮಾಡಿದರು. ಸೀಸೆಯನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮ್ಮಟವೊಂದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದುದು ವಿಚಾರಣೆಯಲ್ಲಿ ಹೊರಬಿದ್ದಿದ್ದರೂ ಆ ಮಾತಿಗೆ ತಕ್ಕ ಬೆಲೆ ಸಿಕ್ಕಿರಲಿಲ್ಲ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ಪಂಡಿತರು ಅವನ ಪರವಾಗಿ ಎದ್ದುನಿಂತ ತರುವಾಯವೇ ಕಳಂಕವು ತೊಳೆಯಿತು. ಅವನ ಪ್ರಯೋಗಶಾಲೆಗೆ 1925ರಲ್ಲಿ ಅವನ ಹೆಸರನ್ನೇ ಇಟ್ಟರು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯು ಇಂದಿಗೂ ಉಂಟು.

ಒಂದು ಶತಮಾನಕ್ಕೂ ಮಿಕ್ಕ ಕಾಲ ಕಳೆದಮೇಲೆ, 2020ರಲ್ಲಿ ಕೋವಿಡ್ ಮಹಾಮಾರಿಯು ಬಂದಾಗ, ಹುಬ್ಬಳ್ಳಿಯಲ್ಲಿ ಎದ್ದ ಪ್ರಶ್ನೆಯೇ ಮತ್ತೆ ಎದುರುನಿಂತಿತು. ರೋಗಿಗಳೆಂದು ದಾಖಲಾದವರ ಸಂಖ್ಯೆಯು ಪ್ರತಿದಿನವೂ ಪ್ರಕಟವಾಗುತ್ತಿದ್ದಿತು. ನಿಜವಾಗಿ ಎಷ್ಟು ಜನರಿಗೆ ಸೋಂಕು ತಗಲಿರುವುದೆಂಬುದು ಮಾತ್ರ ಅದರಿಂದ ತಿಳಿಯುತ್ತಿರಲಿಲ್ಲ. ಆ ವರ್ಷ ಕರ್ನಾಟಕದ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಜನರ ರಕ್ತವನ್ನು ಪರೀಕ್ಷಿಸಿ ನಡೆಸಿದ ಸಮೀಕ್ಷೆಗಳು, ದಾಖಲೆಯಲ್ಲಿದ್ದುದಕ್ಕಿಂತ ಅನೇಕ ಪಟ್ಟು ಹೆಚ್ಚು ಜನರಿಗೆ ಸೋಂಕು ಮುಟ್ಟಿಹೋಗಿದ್ದಿತೆಂದು ತೋರಿಸಿದುವು. ಯಂತ್ರಗಳು ಹೊಸವು, ಔಷಧಗಳು ಹೊಸವು. ಎಣಿಕೆಯ ಕಷ್ಟವು ಮಾತ್ರ ಹಳೆಯದೇ.

ಮಹಾಮಾರಿಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ವೈದ್ಯರ ಮತ್ತು ಅಧಿಕಾರಿಗಳ ಹೆಸರುಗಳು ಉಳಿಯುವುವು. ಹುಬ್ಬಳ್ಳಿಯಲ್ಲಿ ತೋಳೊಡ್ಡಿದವರ ಹೆಸರುಗಳು ಯಾರ ಬಾಯಲ್ಲಿಯೂ ಇಲ್ಲ. ಲಸಿಕೆಯ ಗುಣದೋಷಗಳೇನೆಂಬುದು ಲೋಕಕ್ಕೆ ತಿಳಿದುದು ಅಂಥವರ ಮೈಯ ಮೂಲಕವೇ. ಕೇಳಿಬಂದ ಮನೆಯವನ ಮುಂದೆ ಬಾಗಿಲನ್ನು ತೆರೆದು, ಮನೆಯಲ್ಲಿ ಎಷ್ಟು ಜನರಿದ್ದರು, ಎಷ್ಟು ಜನರು ಹೋದರು, ಎಷ್ಟು ಜನರು ಉಳಿದರು ಎಂಬುದನ್ನು ನಿಜವಾಗಿ ಹೇಳುವ ಗೃಹಸ್ಥನೂ ವೈದ್ಯಶಾಸ್ತ್ರಕ್ಕೆ ದೊಡ್ಡ ಉಪಕಾರಿಯೇ. ಅವನು ಹಾಗೆ ಹೇಳಬೇಕಾದರೆ ಕೇಳುವವನಲ್ಲಿ ಅವನಿಗೆ ನಂಬುಗೆಯಿರಬೇಕು. ಆ ನಂಬುಗೆಯನ್ನು ಮಾರಿ ಬಂದ ದಿನ ಹುಟ್ಟಿಸಲಾಗದು, ಮಾರಿಯಿಲ್ಲದ ದಿನಗಳಲ್ಲಿ ಗಳಿಸಿಟ್ಟುಕೊಳ್ಳಬೇಕು.