ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಆಸರೆ ಎಲ್ಲಿ?

ಕೊಳ್ಳೇಗಾಲ: ಸಂಜೆ ನಾಲ್ಕೂವರೆಯ ಸುಮಾರಿಗೆ ಶಾಲೆಯ ಕೊನೆಯ ಗಂಟೆ ಬಾರಿಸುತ್ತದೆ. ಕೂಲಿಗೆ ಹೋದ ತಾಯಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ. ಈ ನಡುವಿನ ಅವಧಿಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ನಗರವಾಸಿಗಳು ಹಣ ತೆತ್ತು ಶಿಶುಪಾಲನಾ ಕೇಂದ್ರ ಇಲ್ಲವೇ ಮನೆಪಾಠದ ಮೊರೆ ಹೋಗುತ್ತಾರೆ. ದಿನಗೂಲಿಯನ್ನೇ ನಂಬಿದ ಕುಟುಂಬಗಳಿಗೆ ಆ ದಾರಿ ದುಬಾರಿ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಮುಖಗಳಿವೆ. ಕೊಳ್ಳೇಗಾಲದಲ್ಲಿ ಇದು ರೇಷ್ಮೆ ಕಸುಬನ್ನು ನೆಚ್ಚಿದ ಮನೆಗಳ ಪ್ರಶ್ನೆ. ಹನೂರಿನ ಕಾಡಂಚಿನಲ್ಲಿ ಕಾಫಿ ತೋಟಗಳ ಕೆಲಸಕ್ಕೆ ಕೊಡಗಿನತ್ತ ವಲಸೆ ಹೋಗುವ ಕುಟುಂಬಗಳ ಸಂಕಟ. ಬಿಳಿಗಿರಿರಂಗನ ಬೆಟ್ಟದಲ್ಲಿ ಶಾಲೆಯಿಂದ ದೂರವಿರುವ ಸೋಲಿಗರ ಪೋಡುಗಳ ಸಮಸ್ಯೆ. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ತಮ್ಮ, ತಂಗಿಯರನ್ನು ಎತ್ತಿ ಆಡಿಸುವ ಹೊಣೆ ಹಿರಿಯ ಮಗಳ ಪಾಲಿಗೆ ಬರುತ್ತದೆ. ಆಕೆಯ ಓದಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ.

ಹಸುಗೂಸುಗಳಿಗೆ

ಅಂಗನವಾಡಿಗಳಿಗೆ ಆಧಾರವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟಿದ್ದು ಕೊಳ್ಳೇಗಾಲದ ನೆರೆಯ ತಿ.ನರಸೀಪುರದಲ್ಲಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಇಲ್ಲಿ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ ಉಚಿತ. ಅದಕ್ಕೂ ಚಿಕ್ಕ ಮಕ್ಕಳನ್ನು ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆಯ ಕೊರತೆ ನೀಗಿಸಲು ರಾಜ್ಯ ಸರ್ಕಾರ 2023-24ನೇ ಸಾಲಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಮುಂದಾಯಿತು. ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳನ್ನು ಗಮನದಲ್ಲಿ ಇರಿಸಿಕೊಂಡ ಈ ಯೋಜನೆಯಲ್ಲಿ ಸ್ಥಳೀಯ ಮಹಿಳೆಯರಿಗೇ ತರಬೇತಿ ನೀಡಿ ಆರೈಕೆಯ ಹೊಣೆ ವಹಿಸಲಾಯಿತು.

ಶಾಲಾ ಮಕ್ಕಳಿಗೆ

ಶಾಲೆ ಬಿಟ್ಟ ನಂತರದ ಹೊತ್ತಿಗೆ ಹತ್ತಿರದ ಆಸರೆ ಗ್ರಾಮ ಪಂಚಾಯಿತಿ ಗ್ರಂಥಾಲಯ. ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಇವು 'ಅರಿವು ಕೇಂದ್ರ'ಗಳೆಂದು ಪರಿಚಿತ. ಆದರೆ ಇವು ಓದಿನ ತಾಣಗಳೇ ಹೊರತು ಪಾಲನಾ ಕೇಂದ್ರಗಳಲ್ಲ.

ಬೇಸಿಗೆ ರಜೆ ಇನ್ನೊಂದು ಕಷ್ಟಕಾಲ. ಶಾಲೆ ಮುಚ್ಚಿದರೆ ಮಧ್ಯಾಹ್ನದ ಬಿಸಿಯೂಟವೂ ನಿಲ್ಲುತ್ತದೆ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡಲಾಗಿತ್ತು. ಬರ ಇಲ್ಲದ ವರ್ಷಗಳಲ್ಲೂ ಬಡವರ ಮಕ್ಕಳಿಗೆ ಹಸಿವು ತಪ್ಪುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ವಲಸೆ ಕುಟುಂಬಗಳಿಗೆ

ಪೋಷಕರು ತಿಂಗಳುಗಟ್ಟಲೆ ಊರು ಬಿಡುವಾಗ ಮಕ್ಕಳ ಓದು ಉಳಿಸುವುದು ವಸತಿ ವ್ಯವಸ್ಥೆ. ಗಿರಿಜನ ಮಕ್ಕಳಿಗೆ ಆಶ್ರಮ ಶಾಲೆಗಳು, ಇತರರಿಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳು, ಆರನೇ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಇವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಮಕ್ಕಳ ವಸತಿ ಶಿಕ್ಷಣಕ್ಕೆ ಹೆಸರಾಗಿದೆ.

ತಂದೆಯನ್ನು ಕಳೆದುಕೊಂಡ ಅಥವಾ ಪೋಷಕರು ಗಂಭೀರ ಕಾಯಿಲೆಗೆ ತುತ್ತಾದ ಮಕ್ಕಳಿಗೆ 'ಮಿಷನ್ ವಾತ್ಸಲ್ಯ'ದ ಪ್ರಾಯೋಜಕತ್ವ ನೆರವು ಇದೆ. 2022ರ ಮಾರ್ಗಸೂಚಿಯ ಪ್ರಕಾರ ಮೊತ್ತ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಬೇಕು. ಮಗು ಅಪಾಯದಲ್ಲಿದ್ದರೆ 1098 ಸಹಾಯವಾಣಿಗೆ ಕರೆ ಮಾಡಬಹುದು.

ಹೀಗೆ ಯೋಜನೆಗಳು ಹಲವು. ಆದರೆ ಅಂಗನವಾಡಿ ದಾಟಿದ, ವಿದ್ಯಾರ್ಥಿನಿಲಯ ಸೇರುವ ವಯಸ್ಸಾಗದ ಮಗುವಿನ ಸಂಜೆಯ ಎರಡು ಗಂಟೆಗಳಿಗೆ ಇವುಗಳಲ್ಲಿ ಉತ್ತರ ಸಿಗುವುದಿಲ್ಲ. ಅರಿವು ಕೇಂದ್ರದ ಕೊಠಡಿಗೆ ಒಂದಿಷ್ಟು ತಿಂಡಿ, ಹೊಣೆ ಹೊರಬಲ್ಲ ಒಬ್ಬ ಮಹಿಳೆ ಜೊತೆಯಾದರೆ ಆ ಅಂತರ ತುಂಬಲು ಹೊಸ ಕಟ್ಟಡ ಬೇಕಾಗದು. ಗ್ರಾಮ ಸಭೆಯಲ್ಲಿ ಪೋಷಕರು ಕೇಳಬೇಕಾದ ಬೇಡಿಕೆ ಇದು.