ಅಂಗಾಂಗ ಕಸಿ ಮತ್ತು ಲಿಂಫೋಮಾ: ಒಂದೇ ಕಾವಲುಗಾರನಿಗೆ ಎರಡು ಮುಖ

ಅನ್ಯರ ಮೂತ್ರಪಿಂಡವನ್ನೋ ಯಕೃತ್ತನ್ನೋ ಕಸಿಯ ಮೂಲಕ ಪಡೆದವರು, ಅದನ್ನು ಉಳಿಸಿಕೊಳ್ಳಲು ಸಾಮಾನ್ಯವಾಗಿ ಜೀವಮಾನವಿಡೀ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸಬೇಕಾಗುತ್ತದೆ. ಆದರೆ ಇದೇ ಔಷಧಿಯು ದೇಹದೊಳಗೆ ಸುಪ್ತವಾಗಿರುವ ವೈರಾಣುವೊಂದಕ್ಕೆ ಹಾದಿ ಮಾಡಿಕೊಟ್ಟು, ಲಿಂಫೋಮಾ ಎಂಬ ರಕ್ತಸಂಬಂಧಿ ಕ್ಯಾನ್ಸರ್‌ಗೆ ಕಾರಣವಾಗಬಲ್ಲುದು. ಇದು ವಿರಳ, ಆದರೆ ಪ್ರಾಣಾಂತಿಕವಾಗಬಲ್ಲ ತೊಡಕು.

ಏನಿದು ವೈರಾಣು?

ಉಗಾಂಡಾದ ಮಕ್ಕಳ ದವಡೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಗಡ್ಡೆಗಳ ಕುರಿತು ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ವರದಿ ಮಾಡಿದರು. ಆ ಗಡ್ಡೆಯ ಜೀವಕೋಶಗಳಲ್ಲಿ ಹೊಸ ವೈರಾಣು ಇರುವುದನ್ನು 1964ರಲ್ಲಿ ಲಂಡನ್ನಿನ ಆಂಥೊನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್ ಹಾಗೂ ಇವಾನ್ ಬಾರ್ ಪ್ರಕಟಿಸಿದರು. ಅದಕ್ಕೆ ಎಪ್‌ಸ್ಟೀನ್-ಬಾರ್ ವೈರಾಣು ಎಂಬ ಹೆಸರು ಬಂತು.

ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಈ ವೈರಾಣು ಇದೆ. ಮುಖ್ಯವಾಗಿ ಎಂಜಲಿನ ಮೂಲಕ ಹರಡುವ ಇದು, 'ಬಿ' ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಕೊನೆಯವರೆಗೂ ಅಡಗಿರುತ್ತದೆ. ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ 'ಟಿ' ಕೋಶಗಳು ಸದಾ ಕಾವಲಿರುವುದರಿಂದ ಬಹುತೇಕರಿಗೆ ತೊಂದರೆಯಾಗುವುದಿಲ್ಲ.

ಇಕ್ಕಟ್ಟು ಎಲ್ಲಿದೆ?

ಕಸಿ ಮಾಡಿದ ಅಂಗವನ್ನು ಪರಕೀಯವೆಂದು ಗುರುತಿಸಿ ದಾಳಿ ಮಾಡುವುದರಲ್ಲಿಯೂ 'ಟಿ' ಕೋಶಗಳದೇ ಮುಂದಾಳತ್ವ. ಅಮೆರಿಕದಲ್ಲಿ 1983ರಲ್ಲಿ ಅನುಮತಿ ಪಡೆದ ಸೈಕ್ಲೋಸ್ಪೋರಿನ್ ಈ ಕೋಶಗಳನ್ನು ಹತ್ತಿಕ್ಕಿ ಕಸಿ ಚಿಕಿತ್ಸೆಯ ಸ್ವರೂಪವನ್ನೇ ಬದಲಿಸಿತು. ಆದರೆ ಕಾವಲು ಸಡಿಲವಾದಾಗ ವೈರಾಣು ಸೋಂಕಿದ 'ಬಿ' ಕೋಶಗಳು ಮಿತಿಮೀರಿ ಬೆಳೆಯತೊಡಗಬಹುದು.

ಔಷಧಿಯ ಪ್ರಮಾಣ ತಗ್ಗಿಸಿದರೆ ಇಂತಹ ಗಡ್ಡೆಗಳು ಕರಗಬಲ್ಲವೆಂದು 1984ರಲ್ಲಿ ಥಾಮಸ್ ಸ್ಟಾರ್ಜ್ಲ್ ಮತ್ತು ಸಂಗಡಿಗರು ವರದಿ ಮಾಡಿದರು. ಇಂದಿಗೂ ಚಿಕಿತ್ಸೆಯ ಮೊದಲ ಹೆಜ್ಜೆ ಸಾಮಾನ್ಯವಾಗಿ ಇದೇ. ಆದರೆ ಹೆಚ್ಚು ತಗ್ಗಿಸಿದರೆ ಅಂಗವೇ ಕೈತಪ್ಪೀತು. ಮೂತ್ರಪಿಂಡ ವಿಫಲವಾದರೆ ಡಯಾಲಿಸಿಸ್ ಇದೆ. ಹೃದಯಕ್ಕೆ ಅಂತಹ ಸುಲಭ ಪರ್ಯಾಯವಿಲ್ಲ. ಔಷಧಿ ತಗ್ಗಿಸಿದರೂ ಫಲ ಸಿಗದಿದ್ದಲ್ಲಿ 'ಬಿ' ಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್, ಅಗತ್ಯವಿದ್ದರೆ ಕೀಮೋಥೆರಪಿ ನೀಡಲಾಗುತ್ತದೆ.

ಯಾರಿಗೆ ಹೆಚ್ಚು ಅಪಾಯ?

ಮೊದಲು ಈ ಸೋಂಕು ತಗುಲಿರದೆ, ಸೋಂಕಿದ್ದ ದಾನಿಯಿಂದ ಅಂಗ ಪಡೆದವರಿಗೆ ಅಪಾಯ ಅಧಿಕ. ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣಲು ಇದೂ ಒಂದು ಕಾರಣ. ಮೂತ್ರಪಿಂಡಕ್ಕಿಂತ ಶ್ವಾಸಕೋಶ ಮತ್ತು ಕರುಳಿನ ಕಸಿಯಲ್ಲಿ ಪ್ರಮಾಣ ಹೆಚ್ಚು. ಬೆಲಾಟಾಸೆಪ್ಟ್ ಎಂಬ ಔಷಧಿಗೆ 2011ರಲ್ಲಿ ಅಮೆರಿಕ ಅನುಮತಿ ನೀಡಿದಾಗ, ಈ ವೈರಾಣು ಸೋಂಕದವರಿಗೆ ಅದನ್ನು ಕೊಡಕೂಡದೆಂಬ ಎಚ್ಚರಿಕೆಯನ್ನೂ ವಿಧಿಸಿತು.

ಹೊಸ ದಾರಿ

ಅಂಗವನ್ನು ಕೆಣಕದೆ ವೈರಾಣುವನ್ನಷ್ಟೇ ಬೇಟೆಯಾಡುವ 'ಟಿ' ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ರೋಗಿಗೆ ನೀಡುವುದು ಸಂಶೋಧಕರ ಗುರಿ. ಅಸ್ಥಿಮಜ್ಜೆ ಕಸಿಯಾದವರಲ್ಲಿ ಇದರ ಫಲವನ್ನು 1995ರಲ್ಲಿ ಕ್ಲಿಯೋನಾ ರೂನಿ ಮತ್ತು ಸಂಗಡಿಗರು ಪ್ರಕಟಿಸಿದರು. ಅಲ್ಲಿ ದಾನಿಯ ಕೋಶಗಳೇ ಲಭ್ಯ. ಅಂಗಾಂಗ ಕಸಿಯಲ್ಲಿ ದಾನಿ ಅನೇಕ ವೇಳೆ ಮೃತರಾಗಿರುವುದರಿಂದ, ಆರೋಗ್ಯವಂತ ರಕ್ತದಾನಿಗಳ ಕೋಶಗಳನ್ನು ಸಂಗ್ರಹಿಸಿಡುವ ಬ್ಯಾಂಕ್ ಕಲ್ಪನೆ ಮೂಡಿತು. ಎಡಿನ್‌ಬರೊ ತಂಡದ 2007ರ ವರದಿಯಂತೆ 33 ರೋಗಿಗಳ ಪೈಕಿ ಶೇ. 52 ಮಂದಿಯಲ್ಲಿ ಆರು ತಿಂಗಳ ಬಳಿಕ ಸುಧಾರಣೆ ಕಂಡುಬಂತು. ಇದೇ ತತ್ವದ ಟಾಬೆಲೆಕ್ಲ್ಯೂಸೆಲ್ ಚಿಕಿತ್ಸೆಗೆ ಐರೋಪ್ಯ ಒಕ್ಕೂಟ 2022ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು.

ಕಸಿಯಾದವರು ಗಮನಿಸಿ

ಬಿಡದ ಜ್ವರ, ಗ್ರಂಥಿಗಳ ಊತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಹೆದರಿ ತಾವಾಗಿಯೇ ಔಷಧಿ ನಿಲ್ಲಿಸುವುದು ಸಲ್ಲದು. ಎಷ್ಟು ತಗ್ಗಿಸಬೇಕೆಂಬ ತೀರ್ಮಾನ ರಕ್ತಪರೀಕ್ಷೆಯ ಆಧಾರದ ಮೇಲೆ ವೈದ್ಯರಿಂದಲೇ ಆಗಬೇಕು.