ಕಟ್ಟಡ ತೆರವು (ಅಗ್ನಿ ಅನಾಹುತದಲ್ಲಿ)
ಬೆಂಕಿ ಬಿದ್ದಾಗ ಕಟ್ಟಡದೊಳಗಿನ ಎಲ್ಲರನ್ನೂ ಸುರಕ್ಷಿತ ಜಾಗಕ್ಕೆ ಸಾಗಿಸಲು ಮೊದಲೇ ಮಾಡಿಕೊಂಡ ವ್ಯವಸ್ಥೆ. ಬಹುಪಾಲು ಸಾವುಗಳಿಗೆ ಕಾರಣ ಜ್ವಾಲೆಯಲ್ಲ, ಹೊಗೆ. ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ನಡೆದ ದುರಂತ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು; ಉಸಿರುಗಟ್ಟಿದ ಕೆಲವರು ಕಿಟಕಿಗಳಿಂದ ಜಿಗಿದರು. ಸತ್ತವರು 9 ಮಂದಿ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ (2016) 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಆಶ್ರಯ ತಾಣ ಇರಬೇಕೆನ್ನುತ್ತದೆ. ಮೆಟ್ಟಿಲಿಳಿಯಲಾಗದವರು ರಕ್ಷಣಾ ಸಿಬ್ಬಂದಿ ಬರುವವರೆಗೆ ಅಲ್ಲಿ ಕಾಯಬಹುದು. ಆದರೆ ಅವರು ಅಲ್ಲಿದ್ದಾರೆಂಬುದು ಕೆಳಗಿನವರಿಗೆ ತಿಳಿಯದಿದ್ದರೆ ಆ ತಾಣದಿಂದ ಪ್ರಯೋಜನವಿಲ್ಲ.

ಬೆಂಕಿಯ ವೇಳೆ ಸಾಮಾನ್ಯ ಲಿಫ್ಟ್ ಬಳಸಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಗಾಲಿಕುರ್ಚಿಯವರು ಇಳಿಯುವುದು ಹೇಗೆಂದು ಕೇಳುವವರು ವಿರಳ. ತೆರವು ಕುರ್ಚಿ ಇದಕ್ಕೊಂದು ಉತ್ತರ. ಅದರ ಹಿಂಬದಿಯ ಪಟ್ಟಿಗಳು ಮೆಟ್ಟಿಲಂಚಿಗೆ ಕಚ್ಚಿಕೊಂಡು ನಿಧಾನವಾಗಿ ಜಾರುತ್ತವೆ. ತರಬೇತಾದ ಒಬ್ಬರೇ ಹಿಡಿಯನ್ನು ಹಿಡಿದು ಇಳಿಸಬಲ್ಲರು. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದಲ್ಲಿ 1993ರ ಬಾಂಬ್ ಸ್ಫೋಟದ ಬಳಿಕ ಇಂಥ ಕುರ್ಚಿಗಳನ್ನು ಇರಿಸಲಾಗಿತ್ತು. 2001ರ ಸೆಪ್ಟೆಂಬರ್ 11ರಂದು, ಕೈಕಾಲುಗಳ ಸ್ವಾಧೀನವಿಲ್ಲದ ಉದ್ಯೋಗಿಯೊಬ್ಬರನ್ನು ಸಹೋದ್ಯೋಗಿಗಳು ಅದರಲ್ಲೇ 69ನೇ ಮಹಡಿಯಿಂದ ಇಳಿಸಿ ಉಳಿಸಿದರು.

ಕಿವುಡರಿಗೆ ಮಿನುಗುವ ದೀಪ, ಕಂಪಿಸುವ ದಿಂಬು ಬೇಕು. ಅಂಧರಿಗೆ ಧ್ವನಿ ಸೂಚನೆಯ ಜೊತೆಗೆ ದಾರಿ ನಡೆದು ನೋಡಿದ ಅಭ್ಯಾಸವೂ ಅಗತ್ಯ. ಅಣಕು ಕಾರ್ಯಾಚರಣೆಯಲ್ಲಿ ಅಂಗವಿಕಲರಿಗೆ ‘ನೀವು ಕೂತಿರಿ’ ಎನ್ನುವ ರೂಢಿ ಅಪಾಯಕಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಂ ಅಪಾಯದ ಸಂದರ್ಭದಲ್ಲಿ ಅವರಿಗೆ ಸಮಾನ ರಕ್ಷಣೆಯ ಹಕ್ಕು ನೀಡಿದೆ.